ಕೆಮ್ಮು ಕೇಳುವ ಚಿಪ್

ಮಹ್ವಿಶ್‌ಳ ಕಂಪನಿ ಇದ್ದದ್ದು ಚಿತ್ರದುರ್ಗದ ಪೇಟೆಯಲ್ಲಿ, ಅವಳ ತಂದೆ ಹಜರತ್ ಅಲಿಯವರ ಟಾರ್ಪಾಲಿನ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಲಾರಿಯವರು ಟಾರ್ಪಾಲಿನ್ ಬಿಚ್ಚಿ ಹರವಿ ಚೌಕಾಸಿ ಮಾಡುತ್ತಿದ್ದರೆ ಆ ಗಲಾಟೆಯೆಲ್ಲ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಮೇಲೆ ಕೆಲಸ ಮಾಡುತ್ತಿದ್ದವರು ಇಬ್ಬರೇ. ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಹಳ ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ, ಕೊನೆಗೆ ಆ ಕೆಲಸ ಬಿಟ್ಟು ಬಂದಿದ್ದ ಮಹ್ವಿಶ್ ಒಬ್ಬಳು. ಅವಳ ಹಳೆಯ ವಿದ್ಯಾರ್ಥಿ ಬೀರೇಶ್ ಇನ್ನೊಬ್ಬ. ಬೀರೇಶನದು ಹೊಸದುರ್ಗದ ಕಡೆ ಕುರಿ ಸಾಕುವ ಮನೆ. ಈಗ ಹಿರಿಯೂರಿನಲ್ಲಿ ಹೆಂಡತಿ ಕಾವ್ಯಶ್ರೀಯ ಜೊತೆ ಬಾಡಿಗೆ ಮನೆಯಲ್ಲಿದ್ದು, ದಿನಾ ಬಸ್ಸಿನಲ್ಲಿ ದುರ್ಗಕ್ಕೆ ಬರುತ್ತಿದ್ದ.

ಚಿಪ್‌ನ ಯೋಚನೆ ಹುಟ್ಟಿದ್ದು ಬೀರೇಶನ ಮನೆಯ ಹಟ್ಟಿಯಲ್ಲೇ. ಒಂದು ಚಳಿಗಾಲದಲ್ಲಿ ಅವರ ಮಂದೆಗೆ ಎದೆರೋಗ ತಗುಲಿ ಅರ್ಧಕ್ಕರ್ಧ ಕುರಿ ಸತ್ತಿದ್ದವು. ಆಗ ಅವನ ಅಪ್ಪ ಕರಿಸಿದ್ದಪ್ಪ ಹೇಳಿದ್ದ: "ಮೊದಲ್ನೇ ಕುರಿ ಕೆಮ್ಮಿದ್ದು ನಮಗೆ ಕೇಳಿದ್ರೆ ಅದನ್ನ ಬ್ಯಾರೆ ಕಟ್ಟಿ ಮಂದೆ ಉಳಿಸ್ಕಬಹುದು. ಇಷ್ಟು ಕುರಿಯಾಗೆ ಒಂದು ಕೆಮ್ಮಿದ್ದು ಯಾರಿಗೆ ಕೇಳ್ತೈತೆ?" ಆ ಮಾತನ್ನು ಬೀರೇಶ ತಂದು ಮಹ್ವಿಶ್‌ಗೆ ಹೇಳಿದ. ಅವಳು ಕಾಲೇಜಿನಲ್ಲಿದ್ದಾಗಿಂದ ಕಾಗದದ ಮೇಲೆ ಬಿಡಿಸುತ್ತಿದ್ದ ಒಂದು ವಿಚಿತ್ರ ಚಿಪ್‌ಗೆ ಅಂದು ಒಂದು ಕೆಲಸ ಸಿಕ್ಕಿತು.

ವಿಚಿತ್ರ ಯಾಕೆಂದರೆ, ಫೋನು ಕಂಪ್ಯೂಟರುಗಳಲ್ಲಿರುವ ಚಿಪ್ ಏನನ್ನೇ ಆದರೂ ಸೊನ್ನೆ, ಒಂದುಗಳಾಗಿ ಒಡೆದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ತಾಳ ಹಾಕುತ್ತ ಲೆಕ್ಕ ಮಾಡುತ್ತದೆ. ಮಹ್ವಿಶ್‌ಳ ಚಿಪ್‌ನಲ್ಲಿ ಸೊನ್ನೆಯೂ ಇಲ್ಲ, ಒಂದೂ ಇಲ್ಲ, ತಾಳವೂ ಇಲ್ಲ. ಶಬ್ದವು ಎಳೆ ವಿದ್ಯುತ್ತಾಗಿ ಒಳಗೆ ಬಂದು, ತೋಟದ ಕಾಲುವೆಗಳಲ್ಲಿ ನೀರು ಕವಲೊಡೆದು ಮತ್ತೆ ಕೂಡಿಕೊಳ್ಳುವ ಹಾಗೆ ಹರಿಯುತ್ತದೆ. ಕೊನೆಗೆ ಒಂದು ಕಡೆ ಹೆಚ್ಚು ನಿಂತರೆ ಕೆಮ್ಮು, ಇನ್ನೊಂದು ಕಡೆ ನಿಂತರೆ ಬೇರೇನೋ. ಇದಕ್ಕೆ ಬೇಕಾಗುವ ವಿದ್ಯುತ್ತು ಅತಿ ಕಡಿಮೆ. ಕೈಗಡಿಯಾರದ ಬಿಲ್ಲೆಯಂಥ ಒಂದೇ ಬ್ಯಾಟರಿಯಲ್ಲಿ ಕುರಿಯ ಕೊರಳಲ್ಲಿ ಎರಡು ವರ್ಷ ಎಡೆಬಿಡದೆ ಕಿವಿಗೊಟ್ಟಿರಬಲ್ಲದು.

ಅದಕ್ಕೆ ಕೆಟ್ಟ ಗುಣಗಳೂ ಇದ್ದವು. ಒಂದೇ ಅಚ್ಚಿನಿಂದ ಬಂದರೂ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಶ್ರುತಿ ಮಾಡಬೇಕಿತ್ತು. ಬಿಸಿಲೇರಿದರೆ ಶ್ರುತಿ ಜಾರುತ್ತಿತ್ತು. ಒಂದೇ ಕೆಮ್ಮನ್ನು ಮತ್ತೆ ಮತ್ತೆ ಕೇಳಿಸಿದರೆ ನಡುವೆ ಯಾವಾಗಲೋ ಒಮ್ಮೆ ಬೇರೆ ಉತ್ತರ ಕೊಡುತ್ತಿತ್ತು. ಮಹ್ವಿಶ್ ಇದನ್ನು ದೋಷ ಎಂದು ಒಪ್ಪುತ್ತಿರಲಿಲ್ಲ. "ಮನುಷ್ಯನ ಕಿವಿಯೂ ಹಂಗೇ ಅಲ್ವಾ?" ಅನ್ನುತ್ತಿದ್ದಳು.

ತೈವಾನಿನಿಂದ ಮೊದಲ ಸಲ ಮಾಡಿಸಿ ತಂದ ಚಿಪ್‌ಗಳು ಪೂರ್ತಿ ಮೂಕವಾಗಿದ್ದವು. ನಕ್ಷೆಯಲ್ಲಿ ಮಹ್ವಿಶ್‌ಳೇ ಒಂದು ಗೆರೆ ತಪ್ಪಿಸಿದ್ದಳು. ಆ ಒಂದು ಗೆರೆಗೆ ಒಂದು ವರ್ಷ ಹೋಯಿತು. ಎರಡನೇ ಸಲ ಬಂದವು ಕೇಳಿಸಿಕೊಂಡವು. ಅವನ್ನು ಕೊರಳಪಟ್ಟಿಗೆ ಹೊಲಿದು ಕರಿಸಿದ್ದಪ್ಪನ ಮಂದೆಗೆ ಕಟ್ಟಿದರು. ಗುಡ್ಡದ ಮೇಲೆ ಗಾಳಿಯಂತ್ರಗಳು ಗುಂಯ್ ಎನ್ನುತ್ತಿದ್ದರೂ, ನಾಯಿ ಬೊಗಳುತ್ತಿದ್ದರೂ, ಒಂದು ಬೆಳಿಗ್ಗೆ ಒಂದು ಕುರಿಯ ಕೊರಳಲ್ಲಿ ಕೆಂಪು ದೀಪ ಹತ್ತಿತು. ಬೀರೇಶನ ಅವ್ವ ಕಾಳಕ್ಕ ಆ ಕುರಿಯನ್ನು ಹಿಡಿದು ನೋಡಿ, "ಇದು ಗುಂಡುಕಲ್ಲಂಗೈತೆ, ಇದಕ್ಕೇನಾಗೈತೆ?" ಎಂದು ಬೈದಳು. ಬೀರೇಶ ಬಿಡಲಿಲ್ಲ, ಬೇರೆ ಕಟ್ಟಿಸಿದ. ಅದು ಒಂದು ವಾರದಲ್ಲಿ ಸತ್ತಿತು. ಮಂದೆಗೆ ಏನೂ ಆಗಲಿಲ್ಲ.

ಅಂದು ಕಾಳಕ್ಕ ಮಹ್ವಿಶ್‌ಗೆ ಜೋಳದ ರೊಟ್ಟಿ ಬಡಿಸಿ ತಲೆ ಸವರಿ, "ನಿನ್ನ ಮಿಷನ್ನು ನಮ್ಮವ್ವನಂಗೆ ಕಿವಿಗೊಡ್ತೈತೆ ಕಣವ್ವ" ಎಂದಳು. ಮಹ್ವಿಶ್‌ಗೆ ಅಷ್ಟು ವರ್ಷದ ಕಷ್ಟ ಮರೆತುಹೋಯಿತು.

ಆದರೆ ಹಟ್ಟಿಯಲ್ಲಿ ಗೆದ್ದದ್ದು ಪೇಟೆಯಲ್ಲಿ ಗೆಲ್ಲಲಿಲ್ಲ. ಗುಣಮಟ್ಟದ ಮುದ್ರೆ ಹಾಕಿಕೊಡುವ ಪರೀಕ್ಷಾಲಯದವರು ಒಂದೇ ಶಬ್ದವನ್ನು ಸಾವಿರ ಸಲ ಕೇಳಿಸಿ, ಉತ್ತರ ಒಂದೇ ಇಲ್ಲವೆಂದು ವಾಪಸು ಕಳಿಸಿದರು. ಪಶು ಔಷಧಿ ಮಾರುವ ಕಂಪನಿಯವರು ಮುದ್ರೆಯಿಲ್ಲದೆ ಮುಟ್ಟುವುದಿಲ್ಲ ಎಂದರು. ಬಂಡವಾಳ ಹಾಕುವವರು ಬೆಂಗಳೂರಿನಲ್ಲಿ ಚಹಾ ಕೊಟ್ಟು ಕೂರಿಸಿ, "ಇದೇ ಕೆಲಸ ಮಾಮೂಲಿ ಚಿಪ್‌ನಲ್ಲಿ ಮಾಡಬಹುದಲ್ಲ?" ಎಂದು ಕೇಳಿದರು. ಮಾಮೂಲಿ ಚಿಪ್ ಕಟ್ಟಿದರೆ ಕುರಿಯ ಕೊರಳಪಟ್ಟಿಯನ್ನು ದಿನಾ ಚಾರ್ಜ್ ಮಾಡಬೇಕು ಎಂದು ಮಹ್ವಿಶ್ ಹೇಳಿದರೆ, ಕುರಿಯವರು ಮಾಡಿಕೊಳ್ಳುತ್ತಾರೆ ಬಿಡಿ ಎಂದರು. ಹೀಗೇ ಮೂರು ವರ್ಷ ಕಳೆಯಿತು. ಬೀರೇಶ ಸಂಬಳ ಕೇಳುವುದನ್ನು ಬಿಟ್ಟ. ಅವನ ಮನೆ ನಡೆಯುತ್ತಿದ್ದದ್ದು ಕಾವ್ಯಶ್ರೀಯ ದುಡಿಮೆಯಲ್ಲಿ. ಅವಳು ಹಿರಿಯೂರಿನ ಹೊರಗೆ ಹೆದ್ದಾರಿಯ ಪಕ್ಕದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದಳು.

ಆ ಹೊತ್ತಿಗೆ ಮಲ್ಲೇಶ್ ಬಂದ. ಕಾರ್ಖಾನೆಗಳಿಗೆ ಹಾಜರಾತಿ ಬ್ಯಾಡ್ಜ್ ಮಾಡಿಕೊಡುವ ಬೆಂಗಳೂರಿನ ಒಂದು ಕಂಪನಿಯವನು. ಮೆಟ್ಟಿಲು ಹತ್ತಿ ಬಂದು, ಬೆವರು ಒರೆಸಿಕೊಂಡು, ಅವರ ಚಿಪ್‌ನ ಬಗ್ಗೆ ಓದಿಕೊಂಡೇ ಬಂದವನ ಹಾಗೆ ಮಾತಾಡಿದ. ಎರಡು ವರ್ಷ ಬ್ಯಾಟರಿ ಬದಲಿಸಬೇಕಿಲ್ಲ ಎನ್ನುವುದೇ ಅವನಿಗೆ ಬೇಕಾಗಿತ್ತು.

"ಹೆಣ್ಮಕ್ಕಳು ಮಿಷನ್ ಮುಂದೆ ಕೂತು ಮಾತಾಡ್ತಾರೆ ಮೇಡಂ. ಎಷ್ಟು ಹೊತ್ತು ಮಾತಾಡಿದ್ರು ಅಂತ ಗೊತ್ತಾಗಬೇಕು, ಅಷ್ಟೇ. ಏನು ಮಾತಾಡಿದ್ರು ಅನ್ನೋದು ನಮಗೆ ಬೇಡ. ರೆಕಾರ್ಡ್ ಮಾಡಿದ್ರೆ ಕಾನೂನಿನ ತಲೆನೋವು. ನಿಮ್ಮ ಚಿಪ್ ಮಾತು ಇಟ್ಕೊಳ್ಳೋದೇ ಇಲ್ವಲ್ಲ, ಅದಕ್ಕೇ ಹುಡುಕ್ಕೊಂಡು ಬಂದೆ."

"ಇದು ಕೆಮ್ಮು ಕೇಳೋ ಚಿಪ್ಪು" ಎಂದಳು ಮಹ್ವಿಶ್.

"ಶ್ರುತಿ ಬದಲಾಯಿಸಿದ್ರೆ ಮಾತು ಕೇಳಲ್ವಾ?"

ಕೇಳುತ್ತದೆ. ಅದು ಅವಳಿಗೂ ಗೊತ್ತು, ಬೀರೇಶನಿಗೂ ಗೊತ್ತು. ಮೊದಲು ಹಾಕುವ ಜಾಗ ಹಿರಿಯೂರಿನ ಫ್ಯಾಕ್ಟರಿ ಎಂದು ಮಲ್ಲೇಶ್ ಹೇಳಿದಾಗ ಬೀರೇಶ ತಲೆಯೆತ್ತಿ ನೋಡಿದ. ಮಲ್ಲೇಶ್ ಹೋದ ಮೇಲೆ ಮಹ್ವಿಶ್, "ನಿನ್ನ ಹೆಂಡ್ತಿ ಕೊರಳಿಗೇ ಬೀಳ್ತೈತೆ ಬೀರೇಶ್" ಎಂದಳು.

"ನಾವು ಕೊಡದಿದ್ರೆ ಇನ್ನೊಬ್ರು ಕೊಡ್ತಾರೆ ಮೇಡಂ. ನಮ್ದು ಮಾತು ಕೇಳಿಸ್ಕಂಡು ಮರ್ತುಬಿಡ್ತೈತೆ. ಇನ್ನೊಬ್ರದು ಇಟ್ಕಂತೈತೆ." ಮತ್ತೆ ಹೇಳಿದ: "ಒಂದ್ಸಲ ಮಾರ್ಕೆಟ್ಟಿಗೆ ಹೋಗ್ಲಿ. ಆಮೇಲೆ ಕುರಿಗೆ ಮಾಡಾಣ. ಈಗ ಬಾಗ್ಲು ಹಾಕಿದ್ರೆ ಕುರಿಗೂ ಇಲ್ಲ, ಯಾರಿಗೂ ಇಲ್ಲ."

ಮಹ್ವಿಶ್ ಕೆಳಗಿಳಿದು ತಂದೆಯ ಹತ್ತಿರ ಕೂತಳು. ವಿಷಯವೆಲ್ಲ ಕೇಳಿ ಹಜರತ್ ಅಲಿ, "ನಾನು ಟಾರ್ಪಾಲ್ ಮಾರ್ತೀನಿ ಬೇಟಾ. ಅದರ ಕೆಳಗೆ ಲಾರಿಯವನು ಏನು ತುಂಬ್ಕಂಡು ಹೋಗ್ತಾನೆ ಅಂತ ಕೇಳಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಆದ್ರೆ ನಾನು ಮಾರೋನು. ನೀನು ಮಾಡೋಳು" ಎಂದೂ ಸೇರಿಸಿದರು. ಮಹ್ವಿಶ್ ಮೊದಲನೇ ಮಾತನ್ನು ಹಿಡಿದುಕೊಂಡು ಮೇಲೆ ಹೋದಳು. ಆ ವಾರವೇ ಒಪ್ಪಿಗೆ ಕಳಿಸಿದಳು.

ಪ್ರತಿ ಬ್ಯಾಡ್ಜನ್ನೂ ಅದನ್ನು ಹಾಕಿಕೊಳ್ಳುವವರ ದನಿಗೇ ಶ್ರುತಿ ಮಾಡಬೇಕಿತ್ತು, ಅದೂ ಹೊಲಿಗೆ ಯಂತ್ರಗಳು ಓಡುತ್ತಿರುವಾಗಲೇ. ಅದಕ್ಕೆ ಮಹ್ವಿಶ್ ಹಿರಿಯೂರಿಗೆ ಹೋದಳು. ಹೊಲಿಗೆಯ ಶೆಡ್ಡಿನ ಮೂಲೆಯಲ್ಲಿ ಅವಳಿಗೊಂದು ಮೇಜು ಹಾಕಿಕೊಟ್ಟರು. ಹೆಂಗಸರು ಸಾಲಾಗಿ ನಿಂತರು. ಫ್ಯಾಕ್ಟರಿಯ ಅಧಿಕಾರಿಯೊಬ್ಬರು ಮೈಕಿನಲ್ಲಿ, "ಇದು ನಿಮ್ಮ ಸುರಕ್ಷತೆಗೆ. ಬೆಂಕಿ ಗಿಂಕಿ ಬಿದ್ದಾಗ ನೀವು ಕೂಗಿದ್ರೆ ನಮಗೆ ತಿಳಿಯಲಿ ಅಂತ" ಎಂದರು. ಮಹ್ವಿಶ್ ಕೇಳಿಸಿಕೊಂಡಳು. ಎದ್ದು ನಿಂತು ಅದು ಸುಳ್ಳು ಎನ್ನಬಹುದಾಗಿತ್ತು. ತಲೆ ತಗ್ಗಿಸಿ ಮೊದಲ ಬ್ಯಾಡ್ಜಿಗೆ ತಂತಿ ಸಿಕ್ಕಿಸಿದಳು.

"ಏನ್ ಮಾತಾಡ್ಬೇಕ್ರಿ?" ಎಂದು ಮೊದಲು ಬಂದವಳು ನಾಚಿಕೊಂಡಳು.

"ಏನಾದ್ರೂ. ದಿನಾ ಪಕ್ಕದೋರ ಹತ್ರ ಮಾತಾಡ್ತೀರಲ್ಲ, ಹಂಗೇ."

ಮೊದಲು ಹಿಂಜರಿದವರು ಆಮೇಲೆ ಸರಾಗವಾಗಿ ಮಾತಾಡಿದರು. ಒಬ್ಬಳು ಬೆಳಿಗ್ಗೆ ಮಾಡಿದ ಚಿತ್ರಾನ್ನ ಹಳಸಿದ್ದನ್ನು ಹೇಳಿದಳು. ಒಬ್ಬಳು ಮಾರಿಕಣಿವೆ ಡ್ಯಾಮ್ ತುಂಬಿ ಕೋಡಿ ಬಿದ್ದಾಗ ಗಂಡನ ಬೈಕಿನಲ್ಲಿ ನೋಡಲು ಹೋಗಿ ಚಪ್ಪಲಿ ತೇಲಿಬಿಟ್ಟದ್ದನ್ನು ಹೇಳಿ ನಕ್ಕಳು. ಹೊಳಲ್ಕೆರೆ ಕಡೆಯ ಚಂದ್ರಕ್ಕ ಎಂಬವಳಂತೂ ಸಮಯ ಮುಗಿದರೂ ನಿಲ್ಲಿಸಲಿಲ್ಲ. ತನ್ನ ಅತ್ತೆಯ ಗೊರಕೆಯನ್ನು ಅನುಕರಣೆ ಮಾಡಿ ತೋರಿಸಿ, ಹಿಂದೆ ನಿಂತವರನ್ನೆಲ್ಲ ನಗಿಸಿ, "ಇದನ್ನೂ ಮಿಷನ್ನಿಗೆ ಹಾಕ್ಕಳ್ರಿ" ಎಂದಳು. ಮಹ್ವಿಶ್‌ಗೂ ನಗು ಬಂತು. ನಗು ಮುಗಿಯುವ ಮೊದಲೇ ಮುಂದಿನ ಬ್ಯಾಡ್ಜನ್ನು ಕೈಗೆತ್ತಿಕೊಂಡಳು.

ಕಾವ್ಯಶ್ರೀಯ ಸರದಿ ಬಂದಾಗ ಅವಳು ಕುರ್ಚಿಯಲ್ಲಿ ಕೂತು ತುಟಿ ಬಿಗಿದುಕೊಂಡಳು.

"ಮಾತಾಡು ಕಾವ್ಯ."

ತಲೆಯಾಡಿಸಿದಳು. ತಗ್ಗಿದ ದನಿಯಲ್ಲಿ, "ಇದು ಯಾತಕ್ಕೆ ಅಂತ ನನ್ನ ಗಂಡ ಹೇಳ್ಯಾನೆ ಅಕ್ಕ" ಎಂದಳು. ಮಿಕ್ಕವರಿಗೆ ಅವಳೂ ಹೇಳಿರಲಿಲ್ಲ, ಹೇಳಿದರೆ ಗಂಡನ ಇಷ್ಟು ವರ್ಷದ ಕೆಲಸ ಮುಳುಗುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆ ನಿಮಿಷವನ್ನು ಕಳೆದರು. ಕಾವ್ಯಶ್ರೀಯ ಬ್ಯಾಡ್ಜಿಗೆ ಮಹ್ವಿಶ್ ಬೇರೆ ಯಾರದೋ ದನಿಯ ಶ್ರುತಿ ಹಾಕಿ ಕಳಿಸಿದಳು.

ಬ್ಯಾಡ್ಜ್‌ಗಳು ಕೆಲಸ ಮಾಡಿದವು. ಮೊದಲ ಕೆಲವು ದಿನಗಳಲ್ಲೇ ಹೆಂಗಸರಿಗೆ ಎಲ್ಲ ಗೊತ್ತಾಯಿತು. ಮಾತಾಡಿದರೆ ಎದೆಯ ಮೇಲೆ ಸಣ್ಣ ಕೆಂಪು ದೀಪ ಹತ್ತುತ್ತಿತ್ತು. ಸಂಜೆ ಗೋಡೆಯ ಪರದೆಯ ಮೇಲೆ ಹೆಸರು, ಹೆಸರಿನ ಮುಂದೆ ಮಾತಿನ ನಿಮಿಷ. ಹೆಚ್ಚು ಮಾತಾಡಿದವರನ್ನು ಕರೆದು ಬೈದರು, ಆಮೇಲೆ ಬೇರೆ ಸಾಲಿಗೆ ಹಾಕಿದರು. ಶೆಡ್ಡಿನಲ್ಲಿ ಯಂತ್ರದ ಸದ್ದು ಬಿಟ್ಟರೆ ಏನೂ ಕೇಳದಂತಾಯಿತು. ಬಟ್ಟೆ ಬೇಗ ಬೇಗ ಹೊಲಿದು ಬರುತ್ತಿದೆ ಎಂದು ಮಲ್ಲೇಶ್ ಸಂತೋಷದಿಂದ ಫೋನ್ ಮಾಡಿ, ಇನ್ನೂ ಮೂರು ಕಾರ್ಖಾನೆಗಳು ಕೇಳುತ್ತಿವೆ ಎಂದ. ದುರ್ಗದ ಪತ್ರಿಕೆಯೊಂದರಲ್ಲಿ ಮಹ್ವಿಶ್‌ಳ ಫೋಟೋ ಬಂತು. ಕಾಲೇಜಿನವರು ಕರೆದು ಶಾಲು ಹೊದಿಸಿದರು. ಬೀರೇಶ ಪೇಡ ತಂದು ಕೆಳಗಿನ ಲಾರಿಯವರಿಗೂ ಹಂಚಿದ. ಏಳು ವರ್ಷದ ಮೇಲೆ ಅವನ ಮುಖದಲ್ಲಿ ಬೆಳಕು ಕಂಡಿತ್ತು. ಮಹ್ವಿಶ್ ಅದನ್ನು ನೋಡಿ ತಾನೂ ಒಂದು ಪೇಡ ತಿಂದಳು.

ಏಪ್ರಿಲ್ ತಿಂಗಳ ಒಂದು ಭಾನುವಾರ ಕಾವ್ಯಶ್ರೀ ಒಬ್ಬಳೇ ದುರ್ಗಕ್ಕೆ ಬಂದಳು. ಗಂಡನಿಗೆ ಹೇಳಿರಲಿಲ್ಲ. ಮಹ್ವಿಶ್ ನೀರು ಕೊಟ್ಟು, "ಕುಂತ್ಕ" ಎಂದರೂ ಕೂರಲಿಲ್ಲ.

"ಚಂದ್ರಕ್ಕ ನೆನಪೈತಾ ಅಕ್ಕ? ಗೊರಕೆ ಹೊಡೆದು ತೋರಿಸಿದ್ಲಲ್ಲ."

"ಐತೆ."

"ಅವಳು ಮಾತಾಡ್ತಾಳೆ ಅಂತ ಸಾಲಿನಿಂದ ತೆಗೆದು ದಾರ ಕತ್ತರಿಸಾಕೆ ಹಾಕ್ಯಾರೆ. ಇನ್ನೊಂದ್ಸಲ ಹೆಸರು ಮೇಲೆ ಬಂದ್ರೆ ಮನೆಗೆ ಹೋಗು ಅಂದಾರೆ. ಅವಳು ಮಾತಾಡ್ತಿಲ್ಲ ಅಕ್ಕ, ಕೆಮ್ತಾ ಅದಾಳೆ. ಯುಗಾದಿಯಿಂದ ಒಂದೇ ಸಮ ಕೆಮ್ಮು. ಕೆಮ್ಮಿದಾಗೆಲ್ಲ ಲೈಟ್ ಹತ್ತೈತೆ. ಈಗ ಬಾಯಿಗೆ ಬಟ್ಟೆ ತುರುಕ್ಕಂಡು ಕುಂತಿರ್ತಾಳೆ. ತಡೀಲಾರದಾಗ ಲೆಟ್ರೀನಿಗೆ ಓಡ್ತಾಳೆ, ಅದಕ್ಕೂ ಬೈತಾರೆ."

"ಆಸ್ಪತ್ರೆಗೆ ಹೋಗಿಲ್ವಾ?"

"ರಜ ಹಾಕಿದ್ರೆ ಕೆಲ್ಸ ಹೋಗ್ತೈತೆ ಅಂತ ಹೋಗಿಲ್ಲ. ಕೆಮ್ಮೇ ಇಲ್ಲ ಅಂತ ಎಲ್ರ ಹತ್ರ ಹೇಳ್ಕಂಡು ತಿರುಗ್ತಾಳೆ."

ಮಹ್ವಿಶ್ ಕಾವ್ಯಶ್ರೀ ಚೀಲದಲ್ಲಿ ತಂದಿದ್ದ ಬ್ಯಾಡ್ಜನ್ನು ಇಸಿದುಕೊಂಡು ಬಿಸಿ ತಟ್ಟೆಯ ಮೇಲಿಟ್ಟು, ತಗಡಿನ ಶೆಡ್ಡಿನ ಮಧ್ಯಾಹ್ನದ ಕಾವು ಕೊಟ್ಟು, ತಾನು ರೆಕಾರ್ಡ್ ಮಾಡಿಟ್ಟಿದ್ದ ಕೆಮ್ಮುಗಳನ್ನು ಒಂದೊಂದಾಗಿ ಕೇಳಿಸಿದಳು. ತಣ್ಣಗಿದ್ದಾಗ ಸುಮ್ಮನಿದ್ದ ದೀಪ ಕಾವು ಏರಿದಂತೆ ಹತ್ತತೊಡಗಿತು. ಶ್ರುತಿ ಜಾರಿ ಕೆಮ್ಮು ಮಾತಿನ ಲೆಕ್ಕಕ್ಕೆ ಬೀಳುತ್ತಿತ್ತು. ಹಟ್ಟಿಯಲ್ಲಿ ಅಷ್ಟು ಗದ್ದಲದ ನಡುವೆ ಕೆಮ್ಮನ್ನು ಹೆಕ್ಕಿ ತೆಗೆದಿದ್ದ ಚಿಪ್ ಅದು.

ಅವಳು ಕೂಡಲೇ ಮಲ್ಲೇಶನಿಗೆ ಫೋನ್ ಮಾಡಿದಳು. ಬ್ಯಾಡ್ಜ್‌ಗಳನ್ನು ವಾಪಸು ಕೊಟ್ಟರೆ ಕೆಮ್ಮನ್ನು ಬೇರೆಯಾಗಿ ಗುರುತಿಸುವಂತೆ ಮಾಡಿಕೊಡುತ್ತೇನೆ, ಯಾರಾದರೂ ಬಹಳ ಕೆಮ್ಮುತ್ತಿದ್ದರೆ ಫ್ಯಾಕ್ಟರಿಗೂ ತಿಳಿಯುತ್ತದೆ ಎಂದಳು.

"ಅದೇ ಬೇಡ ಮೇಡಂ" ಎಂದ ಮಲ್ಲೇಶ್. "ಕೆಮ್ಮು ಲೆಕ್ಕಕ್ಕೆ ಬಂದ್ರೆ, ಇವರಿಗೆ ಕಾಯಿಲೆ ಇದೆ ಅಂತ ಫ್ಯಾಕ್ಟರಿಗೆ ಮೊದಲೇ ಗೊತ್ತಿತ್ತು ಅಂತಾಗ್ತದೆ. ಆಮೇಲೆ ಆಸ್ಪತ್ರೆ, ಪರಿಹಾರ, ಎಲ್ಲ ಅವರ ತಲೆಗೆ. ಅವರಿಗೆ ಗೊತ್ತಾಗೋದೇ ಬೇಡ."

"ಹಂಗಾದ್ರೆ ಬಿಸಿಲು ಇಳಿಯೋ ತನಕ ಬ್ಯಾಡ್ಜ್ ತೆಗೀರಿ. ತಪ್ಪು ತೋರಿಸ್ತಾ ಐತೆ."

"ಮೂರು ಫ್ಯಾಕ್ಟರಿ ಜೊತೆ ಮಾತು ನಡೀತಾ ಇದೆ. ಈಗ ತಪ್ಪು ಅಂತ ನೀವೇ ಬಾಯಿಬಿಟ್ರೆ ಮುಗೀತು. ಮಳೆ ಬಿದ್ರೆ ತಣ್ಣಗಾಗ್ತದೆ, ಸರಿಹೋಗ್ತದೆ. ಅಲ್ಲೀವರೆಗೆ ಸ್ವಲ್ಪ ಸುಮ್ನಿರಿ."

ಮಹ್ವಿಶ್ ಸುಮ್ಮನಿದ್ದಳು. ಏನೂ ಮಾಡಲಿಲ್ಲವೆಂದಲ್ಲ, ಕಾವಿಗೆ ಜಾರದ ಹೊಸ ನಕ್ಷೆ ಬರೆಯಲು ಕೂತಳು, ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ನಕ್ಷೆ ಮುಗಿಯಲು ತಿಂಗಳುಗಳು ಬೇಕು, ಚಿಪ್ ಬರಲು ಇನ್ನೂ ತಿಂಗಳುಗಳು. ಚಂದ್ರಕ್ಕನಿಗೆ ಅಷ್ಟು ಸಮಯವಿಲ್ಲ ಎನ್ನುವುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದಾಗೆಲ್ಲ ಇನ್ನೂ ಬಗ್ಗಿ ಕೂತು ಗೆರೆ ಎಳೆಯುತ್ತಿದ್ದಳು.

ಮೇ ತಿಂಗಳಲ್ಲಿ ಚಂದ್ರಕ್ಕನ ಹೆಸರು ಮತ್ತೆ ಪರದೆಯ ಮೇಲೆ ಬಂತು. ಗೇಟಿನಲ್ಲಿ ಬ್ಯಾಡ್ಜ್ ಬಿಚ್ಚಿಸಿಕೊಂಡು ಕಳಿಸಿದರು. ಬಸ್ ನಿಲ್ದಾಣದ ತನಕ ನಡೆದು ಹೋದವಳು ಅಲ್ಲೇ ಕೂತು ರಕ್ತ ಕಾರಿದಳು. ಯಾರೋ ಆಟೋದವರು ಆಸ್ಪತ್ರೆಗೆ ಸೇರಿಸಿದರು. ಕ್ಷಯ ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತು. ಕೆಮ್ಮು ಶುರುವಾದಾಗಲೇ ಬಂದಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು ಎಂದು ಡಾಕ್ಟರು ಕಾವ್ಯಶ್ರೀಗೆ ಹೇಳಿದರು. ಅದೇ ಸಾಲಿನಲ್ಲಿ ಕೂರುತ್ತಿದ್ದ ಇನ್ನಿಬ್ಬರು ಹೆಂಗಸರಿಗೂ ತಗುಲಿತ್ತು.

ಕಾವ್ಯಶ್ರೀ ಇನ್ನು ಸುಮ್ಮನಿರಲಿಲ್ಲ. ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು ದುರ್ಗದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ವಿಚಾರಣೆಗೆ ದಿನ ಗೊತ್ತಾಯಿತು. ಚಿಪ್ ಮಾಡಿದವಳೆಂದು ಮಹ್ವಿಶ್‌ಗೂ ಕರೆ ಬಂತು.

ಆ ಬೆಳಿಗ್ಗೆ ಬೀರೇಶ ಅಂಗಡಿಯ ಬಾಗಿಲಲ್ಲೇ ಅವಳನ್ನು ತಡೆದ. ಕ್ಷೌರ ಮಾಡಿಕೊಂಡಿರಲಿಲ್ಲ, ಕಣ್ಣು ಕೆಂಪಾಗಿದ್ದವು.

"ಮೇಡಂ, ಒಂದು ಮಾತು. ಬ್ಯಾಡ್ಜಿನ ಪ್ಲಾಸ್ಟಿಕ್ಕು ಸರಿ ಇಲ್ಲ, ಒಳಗೆ ಕಾವು ಹಿಡಿತೈತೆ ಅನ್ರಿ. ಅದು ಸುಳ್ಳಲ್ಲ. ಪ್ಲಾಸ್ಟಿಕ್ಕು ಅವರದು. ತಪ್ಪು ಅವರ ಮೇಲೆ ಹೋಗ್ತೈತೆ, ಚಿಪ್ಪು ಉಳಿತೈತೆ."

"ಚಿಪ್ಪು ಉಳಿದ್ರೆ ಬೇರೆ ಪ್ಲಾಸ್ಟಿಕ್ ಹಾಕಿ ಮತ್ತೆ ಕೊರಳಿಗೆ ಕಟ್ತಾರೆ ಬೀರೇಶ್."

"ಏಳು ವರ್ಷ ಮೇಡಂ. ನನ್ನ ಹೆಂಡ್ತಿ ಹೊಲಿದು ಹಾಕಿದ್ದನ್ನ ತಿಂದು ಬದುಕೀನಿ. ಚಿಪ್ಪು ಕೆಟ್ಟದ್ದು ಅಂತ ಅದನ್ನ ಮಾಡ್ದೋರೇ ಹೇಳಿದ್ರೆ ಯಾರು ಮುಟ್ತಾರೆ? ಕುರಿಗೂ ಬರಲ್ಲ ಅದು."

ಮಹ್ವಿಶ್ ಅವನ ಕೈ ಮುಟ್ಟಿ, "ನಂಗೂ ಗೊತ್ತು" ಎಂದು ಆಟೋ ಹತ್ತಿದಳು.

ವಿಚಾರಣೆ ನಡೆಸಿದ ಅಧಿಕಾರಿ ಓಬಳೇಶಪ್ಪ ನಿಧಾನದ ಮನುಷ್ಯ. ಫ್ಯಾಕ್ಟರಿಯ ವಕೀಲರು, ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ, ಆ ಹೆಂಗಸು ಹೆಚ್ಚು ಮಾತಾಡಿದ್ದಕ್ಕೆ ಯಂತ್ರವೇ ಸಾಕ್ಷಿ ಎಂದರು. ಚಿಪ್ ಚೆನ್ನಾಗಿ ಕೆಲಸ ಮಾಡುತ್ತದೆಂದು ಅದನ್ನು ಮಾಡಿದವರೇ ಪತ್ರಿಕೆಯಲ್ಲಿ ಹೇಳಿದ್ದಾರೆ ಎಂದು ಮಹ್ವಿಶ್‌ಳ ಕಡೆ ಕೈ ತೋರಿಸಿದರು.

"ಹೇಳಮ್ಮ" ಎಂದರು ಓಬಳೇಶಪ್ಪ. "ಇದು ತಪ್ಪು ಮಾಡ್ತೈತಾ?"

ಮಹ್ವಿಶ್, ತಾನು ಬಂದಾಗಿನಿಂದ ಆ ಕೋಣೆಯ ಕಿಟಕಿಯ ಬಿಸಿಲಲ್ಲಿ ಇಟ್ಟಿದ್ದ ಬ್ಯಾಡ್ಜನ್ನು ತಂದು ಮೇಜಿನ ಮೇಲಿಟ್ಟಳು. ಬಗ್ಗಿ ಅದರ ಮುಂದೆ ಕೆಮ್ಮಿದಳು. ದೀಪ ಹತ್ತಲಿಲ್ಲ. ವಕೀಲರು ಸಣ್ಣಗೆ ನಕ್ಕರು. ಅವಳು ಮತ್ತೆ ಕೆಮ್ಮಿದಳು. ಹತ್ತಿತು. ಮತ್ತೊಮ್ಮೆ, ಮಗದೊಮ್ಮೆ ಕೆಮ್ಮಿದಳು. ಎರಡು ಸಲವೂ ಹತ್ತಿತು.

"ಮೊದಲ ಸಲ ಯಾಕೆ ಹತ್ತಲಿಲ್ಲ?" ಎಂದು ಅಧಿಕಾರಿ ಕೇಳಿದರು.

"ಇದು ಒಂದೇ ಶಬ್ದಕ್ಕೆ ಯಾವಾಗ್ಲೂ ಒಂದೇ ಉತ್ತರ ಕೊಡಲ್ಲ ಸರ್. ಬಿಸಿಲಲ್ಲಿ ಕೆಮ್ಮನ್ನ ಮಾತು ಅಂತೈತೆ. ಇದನ್ನ ನಂಬಿ ಯಾರನ್ನೂ ಕೆಲಸದಿಂದ ತೆಗೀಬಾರದು. ಇದು ನಂಗೆ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು. ಆಗ್ಲೇ ಹೇಳಬೇಕಿತ್ತು, ಹೇಳಲಿಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ಬೀರೇಶ ಎದ್ದು ಹೊರಗೆ ಹೋದ. ಬಾಗಿಲ ಬಳಿ ಕೂತಿದ್ದ ಹೆಂಡತಿಯ ಕಡೆಯೂ ನೋಡಲಿಲ್ಲ.

ಬ್ಯಾಡ್ಜಿನ ಲೆಕ್ಕದ ಮೇಲೆ ಯಾರನ್ನೂ ತೆಗೆಯಬಾರದೆಂದು ಆದೇಶವಾಯಿತು. ಆದರೆ ಅಷ್ಟು ಹೊತ್ತಿಗೆ ಚಂದ್ರಕ್ಕ ತಾನಾಗಿಯೇ ಕೆಲಸ ಬಿಟ್ಟಳು ಎಂಬ ಕಾಗದ ಫ್ಯಾಕ್ಟರಿಯವರ ಬಳಿ ಇತ್ತು. ಆಸ್ಪತ್ರೆಯಲ್ಲಿ ಯಾರೋ ಬಂದು ಬಾಕಿ ಸಂಬಳ ಕೊಡಲು ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಅವಳಿಗೆ ಆದೇಶದಿಂದ ಏನೂ ಸಿಗಲಿಲ್ಲ. ಮಲ್ಲೇಶ್ ಒಂದೇ ಸಾಲಿನಲ್ಲಿ ವ್ಯವಹಾರ ಮುಗಿಯಿತೆಂದು ತಿಳಿಸಿದ. ಬ್ಯಾಡ್ಜ್‌ಗಳು ಗೋಣಿಚೀಲದಲ್ಲಿ ವಾಪಸು ಬಂದು ಟಾರ್ಪಾಲಿನ್ ಅಂಗಡಿಯ ಮೆಟ್ಟಿಲ ಕೆಳಗೆ ಬಿದ್ದವು. ಮಾಡಿದವಳೇ ತಪ್ಪು ಎಂದ ಚಿಪ್ ಎಂದು ಸುದ್ದಿ ಹರಡಿತು. ಕುರಿಯ ಕೊರಳಪಟ್ಟಿಯ ಬಗ್ಗೆ ಮಾತಾಡುತ್ತಿದ್ದ ಒಬ್ಬಿಬ್ಬರೂ ಫೋನ್ ಎತ್ತುವುದನ್ನು ಬಿಟ್ಟರು. ಬೀರೇಶ ಮೇಲಿನ ಕೋಣೆಗೆ ಮತ್ತೆ ಬರಲಿಲ್ಲ. ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದನೆಂದು ಮಹ್ವಿಶ್‌ಗೆ ಬೇರೆಯವರಿಂದ ತಿಳಿಯಿತು.

ಮಳೆಗಾಲ ಹಿಡಿದ ಮೇಲೆ ಕಾವ್ಯಶ್ರೀಯೂ ಮಹ್ವಿಶ್‌ಳೂ ಹೊಳಲ್ಕೆರೆಯ ಹತ್ತಿರದ ಹಳ್ಳಿಗೆ ಚಂದ್ರಕ್ಕನನ್ನು ನೋಡಲು ಹೋದರು. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಗೋಡೆಗೆ ಒರಗಿದ್ದಳು. ಅರ್ಧ ಆಳಾಗಿದ್ದಳು. ಎರಡು ಮಾತಾಡಿದರೆ ಉಸಿರು ಕಟ್ಟಿ ನಿಲ್ಲಿಸಬೇಕಾಗುತ್ತಿತ್ತು. ಮಹ್ವಿಶ್ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ತಂದಿದ್ದ ಹಣ್ಣುಗಳನ್ನಷ್ಟೇ ಪಕ್ಕದಲ್ಲಿಟ್ಟು ಕೂತಳು.

"ಬ್ಯಾಡ್ಜು ತೆಗೆದ್ರಾ?" ಎಂದು ಚಂದ್ರಕ್ಕ ಕಾವ್ಯಶ್ರೀಯನ್ನು ಕೇಳಿದಳು.

"ತೆಗೆದ್ರು. ಈಗ ಕ್ಯಾಮೆರಾ ಹಾಕ್ಯಾರೆ. ಪ್ರತಿ ಮಿಷನ್ನಿಗೆ ಒಂದೊಂದು."

"ಅದೇನ್ ನೋಡ್ತೈತೆ?"

"ಬಾಯಿ."

ಚಂದ್ರಕ್ಕ ಕಣ್ಣು ಮುಚ್ಚಿಕೊಂಡಳು. ಒಳಗಿನಿಂದ ಅವಳ ಅತ್ತೆ ಬಂದು, ಮಲಗಲಿ ಬಿಡ್ರಿ, ಆಯಾಸ ಆಗ್ತೈತೆ ಎಂದಳು.

ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಇಬ್ಬರೂ ತಮ್ಮ ತಮ್ಮ ಬಸ್ಸಿಗೆ ಕಾದರು. ಸಣ್ಣ ತುಂತುರು ಬಂದು ನಿಂತಿತ್ತು.

"ಇನ್ನ ಏನ್ ಮಾಡ್ತೀರಕ್ಕ?" ಎಂದಳು ಕಾವ್ಯಶ್ರೀ.

"ಗೊತ್ತಿಲ್ಲ. ಸದ್ಯಕ್ಕೆ ಅಬ್ಬಾನ ಅಂಗಡೀಲಿ ಕೂರ್ತೀನಿ." ಆಮೇಲೆ ಕೇಳಿದಳು, "ಬೀರೇಶ್ ಹೆಂಗದಾನೆ?"

"ಅದಾನೆ. ಮನೇಲಿ ಮಾತೇ ಇಲ್ಲ. ಬರ್ತಾನೆ, ಉಣ್ತಾನೆ, ಮಲಗ್ತಾನೆ." ಹಿರಿಯೂರಿನ ಬಸ್ಸು ತಿರುಗಿ ಒಳಗೆ ಬರುತ್ತಿತ್ತು. ಕಾವ್ಯಶ್ರೀ ಸೆರಗು ಸರಿಮಾಡಿಕೊಂಡು, "ಮನೆ ಕಡೆ ಬರ್ರಿ ಅಂತ ಕರೀಲಾರೆ ಅಕ್ಕ. ತಪ್ಪು ತಿಳ್ಕಬೇಡ್ರಿ" ಎಂದಳು.

ಮಹ್ವಿಶ್ ತಲೆಯಾಡಿಸಿದಳು. ಕಾವ್ಯಶ್ರೀ ಹತ್ತಿ ಕಿಟಕಿಯ ಪಕ್ಕ ಕೂತಳು. ಮರುದಿನ ಬೆಳಿಗ್ಗೆ ಅವಳಿಗೆ ಶಿಫ್ಟ್ ಇತ್ತು. ಬಸ್ಸು ಹೊರಟುಹೋಯಿತು. ದುರ್ಗದ ಬಸ್ಸು ಇನ್ನೂ ಬಂದಿರಲಿಲ್ಲ. ಮಹ್ವಿಶ್ ಒದ್ದೆ ಕಲ್ಲುಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತಳು.